ದುರ್ಗಸಿಂಹನ ಕಡೆಯ ತಂತ್ರ

ಬಾಳಿನಲ್ಲಿ ಹಿರಿದಾದುದು ಯಾವುದೆಂಬ ಪ್ರಶ್ನೆಗೆ ಶಾಸ್ತ್ರಕಾರರು ಧರ್ಮ, ಅರ್ಥ, ಕಾಮ, ಮೋಕ್ಷಗಳೆಂದು ನಾಲ್ಕು ಮಾತುಗಳಲ್ಲಿ ಉತ್ತರ ಕೊಟ್ಟಿದ್ದಾರೆ. ಉತ್ತರವು ಸರಿಯಾದುದೇ. ಆದರೆ ಈ ನಾಲ್ಕರಲ್ಲಿ ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಇಕ್ಕಟ್ಟಿನಲ್ಲಿ ಈ ಎಣಿಕೆಯಷ್ಟರಿಂದ ದಾರಿ ಕಾಣದು. ಅಲ್ಲಿ ನೆರವಿಗೆ ಬರುವುದು ಕಥೆ. ಒಂದು ಜನಾಂಗವು ಯಾವುದನ್ನು ದೊಡ್ಡದೆಂದು ಬಗೆದಿದೆಯೆಂಬುದನ್ನು ತಿಳಿಯಬೇಕಾದರೆ, ಅದು ಉಪದೇಶರೂಪವಾಗಿ ಆಡಿದ ಮಾತುಗಳನ್ನು ಕೇಳಿದರೆ ಸಾಲದು. ತನ್ನ ಕಥೆಯನ್ನು ಎಲ್ಲಿಂದ ಮೊದಲುಮಾಡಿ ಎಲ್ಲಿಗೆ ತಂದು ನಿಲ್ಲಿಸಿದೆಯೆಂಬುದನ್ನೂ ನೋಡಬೇಕು.

ಈ ದೃಷ್ಟಿಯಿಂದ ಪರಿಶೀಲಿಸತಕ್ಕ ಗ್ರಂಥವೊಂದು ರೋಣ ಸೀಮೆಯವರಿಗೆ ಮನೆಯಂಗಳದಲ್ಲಿಯೇ ಇದೆ. ಕ್ರಿ. ಶ. 1031ರಲ್ಲಿ ಪಂಚತಂತ್ರವನ್ನು ಕನ್ನಡದಲ್ಲಿ ಚಂಪೂರೂಪವಾಗಿ ರಚಿಸಿದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು. ಆ ಸಯ್ಯಡಿಯೇ ಇಂದಿನ ರೋಣ ತಾಲ್ಲೂಕಿನ ಸವಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ತಾಲ್ಲೂಕಿನ ಯಾವಗಲ್ಲಿನಂಥ ಎರೆನಾಡಿನ ಊರುಗಳಲ್ಲಿ ಸಿಂಹ ಎತ್ತುಗಳ ಕಥೆಯನ್ನು, ಮಂಗ ಮೊಸಳೆಗಳ ಕಥೆಯನ್ನು ಕೇಳದೆ ಬೆಳೆದ ಮಗುವು ವಿರಳ. ಆದರೆ ಈ ಕಥೆಗಳನ್ನು ಮೊಟ್ಟಮೊದಲು ಕನ್ನಡಕ್ಕೆ ತಂದವನು ತಮ್ಮ ನೆರೆಯವನೆಂಬುದನ್ನು ಬಲ್ಲವರು ಕೆಲವರೇ. ಅವನು ಅವುಗಳನ್ನು ಯಾವ ಕ್ರಮದಲ್ಲಿ ಇರಿಸಿದನೆಂಬುದನ್ನು ಗಮನಿಸಿದವರು ಇನ್ನೂ ಕೆಲವರು.

ಪಂಚತಂತ್ರವೆಂದರೆ ಜಾಣತನವನ್ನು ಕಲಿಸುವ ಪುಸ್ತಕವೆಂದು ಸಾಮಾನ್ಯವಾದ ತಿಳಿವಳಿಕೆ. ಬಲವಂತನನ್ನು ಬುದ್ಧಿಯಿಂದ ಗೆಲ್ಲು, ಹಗೆಯನ್ನು ನಂಬಬೇಡ, ಕೈಯಲ್ಲಿದ್ದುದನ್ನು ಕಳೆದುಕೊಳ್ಳಬೇಡ ಎಂಬಿವೇ ಅದರ ಸಾರವೆಂದು ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಇದು ನಿಜವಾದರೆ ಗ್ರಂಥದ ದೃಷ್ಟಿಯಲ್ಲಿ ಬಾಳಿನ ಪರಮಾರ್ಥವು ಗೆಲವೊಂದೇ ಎಂದಾಗುವುದು. ಕೆಲವು ವಿಮರ್ಶಕರು ಈ ಕಾರಣದಿಂದಲೇ ಇದನ್ನು ಧರ್ಮದ ಗೊಡವೆಯಿಲ್ಲದ ಅರ್ಥಶಾಸ್ತ್ರವೆಂದು ಬದಿಗೆ ಸರಿಸಿದ್ದಾರೆ. ಈ ಆಕ್ಷೇಪವು ದುರ್ಗಸಿಂಹನ ಗ್ರಂಥಕ್ಕೆ ಎಷ್ಟರಮಟ್ಟಿಗೆ ತಟ್ಟುತ್ತದೆಂಬುದನ್ನು ನೋಡಬೇಕಾಗಿದೆ.

ಸಂಸ್ಕೃತದಲ್ಲಿ ವಿಷ್ಣುಶರ್ಮನ ಹೆಸರಿನಲ್ಲಿ ಪ್ರಸಿದ್ಧವಾದ ಪಂಚತಂತ್ರವು ಮಿತ್ರಭೇದದಿಂದ ಮೊದಲಾಗಿ, ಮಿತ್ರಲಾಭ, ಕಾಕೋಲೂಕೀಯ, ಲಬ್ಧಪ್ರಣಾಶಗಳನ್ನು ಹಾದು ಅಪರೀಕ್ಷಿತಕಾರಕದಲ್ಲಿ ಮುಗಿಯುತ್ತದೆ. ಕಡೆಗೆ ಉಳಿಯುವುದು, ವಿಚಾರಿಸದೆ ಮುಂಗುಸಿಯನ್ನು ಕೊಂದವರ ಪಶ್ಚಾತ್ತಾಪ. ದುರ್ಗಸಿಂಹನು ಹಿಂಬಾಲಿಸಿದುದು ಈ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಅಲ್ಲಿಯ ಐದು ಪ್ರಕರಣಗಳು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂಬ ಕ್ರಮದಲ್ಲಿವೆ. ವಸುಭಾಗನ ಸಂಸ್ಕೃತ ಮೂಲವು ಇಂದು ದೊರೆಯದಿರುವುದರಿಂದ, ಆ ಪರಂಪರೆಯನ್ನು ತಿಳಿಯಲು ಕನ್ನಡ ಗ್ರಂಥವೇ ಒಂದು ಮುಖ್ಯವಾದ ಆಧಾರವಾಗಿದೆ. ಅದರ ಬಂಧುಗಳೆನ್ನಬಹುದಾದ ಗ್ರಂಥಗಳು ಕಡಲಾಚೆಯ ಜಾವಾ ದ್ವೀಪದಲ್ಲಿಯೂ ಕಂಡುಬಂದಿವೆ.

ಕ್ರಮದಲ್ಲಿ ಏನಿದೆಯೆಂದು ಕೇಳಬಹುದು. ಕಥೆಗಳು ಹೆಚ್ಚುಕಡಮೆ ಅವೇ. ಸ್ಥಾನ ಮಾತ್ರ ಬೇರೆ. ಆದರೆ ಊಟದಲ್ಲಿ ಕಡೆಯ ತುತ್ತಿನ ರುಚಿಯು ನಾಲಿಗೆಯಲ್ಲಿ ನಿಲ್ಲುವಂತೆ, ಗ್ರಂಥದಲ್ಲಿ ಕಡೆಯ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಒಂದರಲ್ಲಿ ಕಡೆಯ ಮಾತು ಎಚ್ಚರಿಕೆ. ಇನ್ನೊಂದರಲ್ಲಿ ಕಡೆಯ ಮಾತು ಗೆಳೆತನ. ಗೆಳೆಯರಾಗಿದ್ದ ಸಿಂಹ ಎತ್ತುಗಳ ನಡುವೆ ನರಿಯು ಒಡಕು ಹುಟ್ಟಿಸಿದಲ್ಲಿ ಕನ್ನಡ ಗ್ರಂಥವು ತೊಡಗುತ್ತದೆ. ಒಡಕಿಗೆ ಎಲ್ಲ ಕಾರಣಗಳಿದ್ದ ಪ್ರಾಣಿಗಳು ಒಂದಾದಲ್ಲಿ ಮುಗಿಯುತ್ತದೆ. ನಡುವಣ ಮೂರು ಪ್ರಕರಣಗಳು ಈ ಎರಡು ದಡಗಳಿಗೆ ಹಾಕಿದ ಸಂಕದಂತಿವೆ. ಪರೀಕ್ಷೆಯಿಲ್ಲದೆ ನಂಬುವುದೂ ಕೇಡು, ಪರೀಕ್ಷೆಯಿಲ್ಲದೆ ಸಂದೇಹಿಸುವುದೂ ಕೇಡು. ನಂಬಿಕೆಯನ್ನು ಹಗೆಯು ಆಯುಧವಾಗಿ ಬಳಸಬಲ್ಲನು. ಮೋಸಕ್ಕೆ ಮೋಸವೇ ಉತ್ತರವಾಗಬೇಕಾದ ವೇಳೆಯೂ ಬರುವುದು. ಇಷ್ಟೆಲ್ಲವನ್ನೂ ಕಲಿತವನಿಗೆ ಮಾತ್ರ ಮೈತ್ರಿಯ ಕಥೆಯನ್ನು ಹೇಳಲಾಗಿದೆ.

ಆ ಕಥೆಯ ಹುರುಳು ಎಲ್ಲರಿಗೂ ತಿಳಿದುದೇ. ಕಾಗೆ, ಇಲಿ, ಆಮೆ, ಜಿಂಕೆ ಇವು ನಾಲ್ಕು ಗೆಳೆಯರು. ಕುಲ ಒಂದಲ್ಲ, ಆಹಾರ ಒಂದಲ್ಲ, ನೆಲೆ ಒಂದಲ್ಲ. ಮೇಲಾಗಿ ಇಲಿಯು ಕಾಗೆಗೆ ಸಹಜವಾದ ತುತ್ತು. ಜಿಂಕೆಯು ಬಲೆಗೆ ಬಿದ್ದಾಗ ಇಲಿ ಬಂದು ನೇಣನ್ನು ಕಡಿಯುತ್ತದೆ. ಅಷ್ಟರಲ್ಲಿ ಆಮೆಯೂ ನೀರನ್ನು ಬಿಟ್ಟು ತೆವಳುತ್ತ ಬರುತ್ತದೆ. ಬೇಡನ ಕೈಗೆ ಸಿಕ್ಕುತ್ತದೆ. ನೀತಿಯ ಲೆಕ್ಕದಲ್ಲಿ ಇದು ಶುದ್ಧ ಅವಿವೇಕ. ಆಮೆಯು ಬರುವುದರಿಂದ ಜಿಂಕೆಗೆ ಆಗಬೇಕಾದುದೇನೂ ಇರಲಿಲ್ಲ. ಅದಕ್ಕೆ ಕಡಿಯಲು ಹಲ್ಲಿಲ್ಲ, ಓಡಲು ಕಾಲಿಲ್ಲ, ಹಾರಲು ರೆಕ್ಕೆಯಿಲ್ಲ. ಗೆಳೆಯನು ಆಪತ್ತಿನಲ್ಲಿರುವಾಗ ಮಡುವಿನಲ್ಲಿ ಕುಳಿತಿರಲಾರದೆ ಅದು ಬಂದಿತು. ಹೆಜ್ಜೆಹೆಜ್ಜೆಗೆ ಎಚ್ಚರವನ್ನು ಬೋಧಿಸಿಕೊಂಡು ಬಂದ ಗ್ರಂಥವು ತನ್ನ ಕಡೆಯ ಕಥೆಯ ಬೆಲೆಯೆಲ್ಲವನ್ನೂ ಈ ಒಂದು ಎಚ್ಚರಗೇಡಿತನದ ಮೇಲೆ ನಿಲ್ಲಿಸಿದೆ. ನಾಲ್ಕು ತಂತ್ರಗಳನ್ನು ಓದಿ ಜಾಣನಾದ ವಾಚಕನು ಇಲ್ಲಿ ಆಮೆಯನ್ನು ನೋಡಿ ನಗಲಾರನು. ನಕ್ಕರೆ ಅವನು ಐದನೆಯದನ್ನು ಓದಲು ಇನ್ನೂ ಅರ್ಹನಾಗಿಲ್ಲವೆಂದೇ ಹೇಳಬೇಕು.

ಇನ್ನೂ ಒಂದು ಸ್ವಾರಸ್ಯವಿದೆ. ಆಮೆಯನ್ನು ಬಿಡಿಸುವುದು ಸತ್ಯದಿಂದಲ್ಲ, ವಂಚನೆಯಿಂದ. ಜಿಂಕೆಯು ಸತ್ತಂತೆ ಬೀಳುತ್ತದೆ, ಕಾಗೆಯು ಅದನ್ನು ಕುಕ್ಕುವಂತೆ ನಟಿಸುತ್ತದೆ, ಆಸೆಬುರುಕ ಬೇಡನು ಆಮೆಯನ್ನು ನೆಲಕ್ಕಿಟ್ಟು ಅತ್ತ ಓಡುತ್ತಾನೆ. ಹಿಂದಿನ ಪ್ರಕರಣಗಳಲ್ಲಿ ರಾಜ್ಯಕ್ಕಾಗಿ, ಹಗೆತನಕ್ಕಾಗಿ, ಪ್ರಾಣಕ್ಕಾಗಿ ಬಳಕೆಯಾದ ಜಾಣತನವೇ ಇಲ್ಲಿ ಗೆಳೆಯನಿಗಾಗಿ ಬಳಕೆಯಾಗಿದೆ. ಜಾಣತನವು ತೊಲಗಿಲ್ಲ; ಒಡೆಯನಾಗಿದ್ದುದು ಆಳಾಗಿದೆ. ಅರ್ಥವನ್ನು ಬಿಡದೆ, ಅದನ್ನು ಇರಬೇಕಾದ ಎಡೆಯಲ್ಲಿ ಇರಿಸಿರುವುದೇ ಈ ಗ್ರಂಥದ ಹೆಚ್ಚಳ.

ಕ್ರಮವು ವಸುಭಾಗನದು, ಅದರ ಕೀರ್ತಿ ದುರ್ಗಸಿಂಹನಿಗೇಕೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದು. ಆದರೆ ಯಾವ ಮೂಲವನ್ನು ನಾಡಿನ ನುಡಿಗೆ ತರಬೇಕೆಂಬ ಆಯ್ಕೆಯೂ ಕವಿಯ ಮತಿಯನ್ನು ತೋರಿಸುತ್ತದೆ. ದುರ್ಗಸಿಂಹನು 1015ರಿಂದ ಸುಮಾರು 1042ರವರೆಗೆ ಆಳಿದ ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅದು ಚೋಳ ರಾಜೇಂದ್ರನೊಡನೆ ಹಗೆತನವು ಕಾದಿದ್ದ ಕಾಲ. ಸಾಮ, ದಾನ, ಭೇದ, ದಂಡಗಳು ಅವನಿಗೆ ಓಲೆಗರಿಯ ಮಾತುಗಳಾಗಿರದೆ ದಿನದ ಉದ್ಯೋಗವಾಗಿದ್ದವು. ಭೇದವನ್ನು ಉಪಾಯವೆಂದು ಬಲ್ಲ ಅಧಿಕಾರಿಯು, ಭೇದವನ್ನು ಮೊದಲಿಗೂ ಮಿತ್ರಕಾರ್ಯವನ್ನು ಕೊನೆಗೂ ಇರಿಸಿದ ಪಾಠವನ್ನು ಒಪ್ಪಿ ಅನುಸರಿಸಿದುದಕ್ಕೆ ಬೆಲೆಯಿದೆ.

ಇದೇ ಕಥೆಗಳು ಪಡುವಣ ದಿಕ್ಕಿಗೆ ಹೋದಾಗ ಏನಾಯಿತೆಂಬುದನ್ನು ಹೋಲಿಸಿ ನೋಡಬಹುದು. ಆರನೆಯ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯನು ಇವನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಎಂಬವನು ಅರಬ್ಬಿಯಲ್ಲಿ ‘ಕಲೀಲ ವ ದಿಮ್ನ’ ಎಂಬ ಹೆಸರಿನಿಂದ ಬರೆದನು. ಈ ಎರಡು ಹೆಸರುಗಳು ಕರಟಕ ದಮನಕರವೇ. ಸಂಸ್ಕೃತದಲ್ಲಿ ಎತ್ತನ್ನು ಕೊಲ್ಲಿಸಿದ ದಮನಕನಿಗೆ ಶಿಕ್ಷೆಯಿಲ್ಲ. ಅವನ ಮಂತ್ರಿಪದವಿಗೂ ಚ್ಯುತಿಯಿಲ್ಲ. ಅರಬ್ಬೀ ಲೇಖಕನಿಗೆ ಇದು ಸಹನೆಯಾಗಲಿಲ್ಲ. ದಿಮ್ನನನ್ನು ನ್ಯಾಯಸಭೆಗೆ ಎಳೆತಂದು ವಿಚಾರಣೆ ನಡೆಸಿ ದಂಡಿಸುವ ಹೊಸದೊಂದು ಅಧ್ಯಾಯವನ್ನೇ ಅವನು ಸೇರಿಸಿದನು. ಕಥೆ ಒಂದೇ, ಒಂದು ಕಡೆ ನಯವು ಮೇಲೆ, ಇನ್ನೊಂದು ಕಡೆ ನ್ಯಾಯವು ಮೇಲೆ, ಕನ್ನಡದ ಪಾಠದಲ್ಲಿ ಮೈತ್ರಿಯು ಮೇಲೆ. ಕೆಡುಕನಿಗೆ ತಕ್ಕ ಶಿಕ್ಷೆಯಾಗಬೇಕೆಂಬ ಹಂಬಲವು ದೊಡ್ಡದು. ಆದರೆ ಶಿಕ್ಷೆಯಾದ ಮಾತ್ರಕ್ಕೆ ಮುರಿದ ಗೆಳೆತನವು ಕೂಡದು. ಅದಕ್ಕೆ ಬೇರೊಂದು ಕಥೆಯೇ ಬೇಕು.

ದುರ್ಗಸಿಂಹನಲ್ಲಿ ದೋಷಗಳಿಲ್ಲವೆಂದಲ್ಲ. ಸಮಾಸಗಳ ಭಾರವು ಹೆಚ್ಚು. ವರ್ಣನೆಗಳು ಕಥೆಯ ಓಟವನ್ನು ತಡೆಯುತ್ತವೆ. ಸಂಸ್ಕೃತ ಸುಭಾಷಿತಗಳ ನಡುವೆ ಇಲಿಯೂ ಕಾಗೆಯೂ ಕೆಲವೆಡೆ ಪಂಡಿತರಂತೆ ಕಾಣುತ್ತವೆ. ಇದೇ ಗದಗ ಸೀಮೆಯ ಮುಳುಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನು ಕನ್ನಡದೊಳಗೆ ಸಕ್ಕದವನ್ನು ತುರುಕುವವರನ್ನು ಹಳಿದು, ಒಕ್ಕಲುತನದ, ಅಡುಗೆಮನೆಯ ಉಪಮಾನಗಳನ್ನು ಧಾರಾಳವಾಗಿ ತಂದನು. ಭಾಷೆಯಲ್ಲಿ ಅವನು ಜನಕ್ಕೆ ಹತ್ತಿರ. ಆದರೆ ಅವನ ಹದಿನಾಲ್ಕು ಕಥೆಗಳಲ್ಲಿ ವ್ರತವನ್ನು ಹಿಡಿದವನು ಉದ್ಧಾರವಾಗುವನೆಂಬುದು ಮೊದಲೇ ಗೊತ್ತು; ಅನುಮಾನಕ್ಕೆ ಎಡೆ ಕಡಮೆ. ದುರ್ಗಸಿಂಹನ ಆಮೆಗೆ ಅಂಥ ಅಭಯವಿಲ್ಲ. ಫಲದ ಭರವಸೆಯಿಲ್ಲದೆ ಹೊರಟುದರಿಂದಲೇ ಅದರ ನಡೆಗೆ ಬೆಲೆ ಬಂದಿದೆ.

ಎರೆನೆಲದ ಬೇಸಾಯವು ಒಬ್ಬನಿಂದ ಆಗತಕ್ಕುದಲ್ಲ. ಹದ ತಪ್ಪಿದರೆ ಬೆಳೆ ತಪ್ಪಿತು. ಎತ್ತು ಸಾಲದವನು ಇನ್ನೊಬ್ಬನ ಎತ್ತನ್ನು ಕೇಳಬೇಕು, ಮುಯ್ಯಾಳಾಗಿ ಹೋಗಿ ಮುಯ್ಯಿ ತೀರಿಸಬೇಕು. ಯಾವಗಲ್ಲಿನ ಸುತ್ತಿನ ಹಿರಿಯರಿಗೆ ಇದನ್ನು ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿಲ್ಲ. ಆದರೆ ಅವರ ಮನೆಯ ಮಕ್ಕಳು ಪರೀಕ್ಷೆಯ ಅಂಕ, ನೌಕರಿ, ಸಂಬಳಗಳನ್ನೇ ಬಾಳಿನ ಅಳತೆಗೋಲಾಗಿ ಹಿಡಿದು ಊರು ಬಿಟ್ಟು ಹೋಗುತ್ತಿರುವಾಗ, ಪಂಚತಂತ್ರವು ಅವರ ಕೈಗೆ ಗೆಲ್ಲುವ ಉಪಾಯಗಳ ಸಂಗ್ರಹವಾಗಿ ಮಾತ್ರ ಸಿಗುವುದು ಸರಿಯಲ್ಲ. ಮೊದಲ ನಾಲ್ಕು ತಂತ್ರಗಳನ್ನು ಲೋಕವು ಹೇಗೂ ಕಲಿಸುತ್ತದೆ. ಸವಡಿಯ ಕವಿಯ ಐದನೆಯ ಪ್ರಕರಣವನ್ನು ತಿಳಿಗನ್ನಡದಲ್ಲಿ ಬೇರೆಯಾಗಿ ಅಚ್ಚುಹಾಕಿಸಿ ಮನೆಗಳಲ್ಲಿ ಗಟ್ಟಿಯಾಗಿ ಓದಿಸುವುದು, ಆ ಸೀಮೆಯ ಸಾಹಿತ್ಯಾಭಿಮಾನಿಗಳು ಕೈಗೊಳ್ಳಬೇಕಾದ ಕೆಲಸವಾಗಿದೆ.