ಎತ್ತು ಚೋಮನದು, ಲೆಕ್ಕ ಯಾರದು?

ಸಂಪಾಜೆ ಎಂಬ ಹೆಸರಿನಲ್ಲಿ ಎರಡು ಊರುಗಳಿವೆ. ಒಂದು ಕೊಡಗಿನದು, ಇನ್ನೊಂದು ದಕ್ಷಿಣ ಕನ್ನಡದ್ದು. ಇಲ್ಲಿಂದಲೇ ರಸ್ತೆ ಮಡಿಕೇರಿಯತ್ತ ಘಟ್ಟ ಹತ್ತುತ್ತದೆ. ಕೆಳಗಿನ ಊರುಗಳ ಬಡವರು ಕಾಫಿ ತೋಟದ ಕೂಲಿಗೆಂದು ಘಟ್ಟ ಹತ್ತಿದ ಕಾಲವೊಂದಿತ್ತು. ಈಗ ಇಲ್ಲಿನ ಹುಡುಗರು ಅದೇ ರಸ್ತೆಯಲ್ಲಿ ಹೊರಟು ಬೆಂಗಳೂರು ಸೇರುತ್ತಾರೆ. ದೀಪಾವಳಿಗೆ ಊರಿಗೆ ಬಂದಿದ್ದ ಪಕ್ಕದ ಮನೆಯ ಹುಡುಗ ಅಂಥವರಲ್ಲಿ ಒಬ್ಬ. ಅವನದು ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಜಗಲಿಯಲ್ಲಿ ಕೂತು ಮೊಬೈಲು ತೆರೆದು ಎರಡು ಸವಾರಿಗಳ ಲೆಕ್ಕ ತೋರಿಸಿದ. ದೂರ ಹೆಚ್ಚುಕಡಿಮೆ ಒಂದೇ, ಕೈಗೆ ಬಂದ ಹಣ ಮಾತ್ರ ಬೇರೆ ಬೇರೆ. ಯಾಕೆ ಹೀಗೆ ಎಂದು ಕೇಳಿದೆ. "ಯಾರ್ನ ಕೇಳ್ದು ಮಾವ?" ಎಂದ.

ಆ ಪ್ರಶ್ನೆಯೇ ನನ್ನನ್ನು ಮತ್ತೆ 'ಚೋಮನ ದುಡಿ'ಯತ್ತ ಕರೆದೊಯ್ದದ್ದು. ಶಿವರಾಮ ಕಾರಂತರ ಈ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ನಾವು ಇದನ್ನು ತರಗತಿಗಳಲ್ಲಿ ಓದಿದ್ದು ಅಸ್ಪೃಶ್ಯತೆಯ ಕಥೆಯಾಗಿ, ಮಣ್ಣಿನ ಹಂಬಲದ ಕಥೆಯಾಗಿ. ಅದು ಸರಿಯಾದ ಓದೇ. ಆದರೆ ಈ ಸಲ ನನ್ನ ಕಣ್ಣು ನಿಂತದ್ದು ಕಾಫಿ ತೋಟದ ಸಾಲದ ಮೇಲೆ. ಚೋಮನ ಬಳಿ ಜೋಡಿ ಎತ್ತುಗಳಿವೆ. ಉಳುವ ತೋಳಿದೆ, ಆಸೆಯಿದೆ. ಇಲ್ಲದ್ದು ನೆಲ. ಅದರ ಮೇಲೆ ತೋಟದ ಸಾಲ. ಅದನ್ನು ತೀರಿಸಲು ಮಕ್ಕಳು ಘಟ್ಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಕೈತಪ್ಪುತ್ತಾನೆ. ಸಾಲ ಮಾತ್ರ ಹಾಗೇ ಇರುತ್ತದೆ. ಕೊನೆಗೆ ಮಗಳು ಬೆಳ್ಳಿಯೂ ಆ ಹಾದಿ ಹಿಡಿಯಬೇಕಾಗುತ್ತದೆ. ಸಾಲ ಎಷ್ಟಿತ್ತು, ಎಷ್ಟು ತೀರಿತು ಎಂದು ಬರೆದಿಡುವ ಪುಸ್ತಕ ಇರುವುದು ತೋಟದವರ ಕೈಯಲ್ಲಿ. ಚೋಮ ಅದನ್ನು ಓದಲಾರ, ಪ್ರಶ್ನಿಸಲಾರ.

ಬೈಕಿನ ಹುಡುಗನನ್ನು ಚೋಮನಿಗೆ ಸಮನಾಗಿಸುವುದು ನನ್ನ ಉದ್ದೇಶವಲ್ಲ. ಚೋಮನಿಗೆ ನೆಲ ಸಿಗದಂತೆ ತಡೆದದ್ದು ಜಾತಿ. ಈ ಹುಡುಗನಿಗೆ ಕೆಲಸ ಕೊಡುವಾಗ ಆ್ಯಪು ಜಾತಿ ಕೇಳಲಿಲ್ಲ, ಬೇಡವೆಂದರೆ ನಾಳೆಯೇ ಅವನು ಬಿಟ್ಟು ಬರಬಹುದು. ಇದು ಸಣ್ಣ ವ್ಯತ್ಯಾಸವಲ್ಲ. ಆದರೂ ಒಂದು ಕಡೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ. ಎತ್ತು ಚೋಮನದು, ಬೈಕು ಹುಡುಗನದು. ಬೈಕಿನ ಕಂತು, ಪೆಟ್ರೋಲು, ರಿಪೇರಿ ಎಲ್ಲವೂ ಅವನದೇ. ಲೆಕ್ಕ ಮಾತ್ರ ಬೇರೆಯವರದು. ಸಾಧನ ನಮ್ಮದಾದ ಮಾತ್ರಕ್ಕೆ ದುಡಿಮೆ ನಮ್ಮದಾಗುವುದಿಲ್ಲ ಎಂಬುದನ್ನು ಕಾರಂತರು ಆಗಲೇ ಕಂಡಿದ್ದರು.

ಕಂಪನಿಗಳು ಇಂಥವರನ್ನು 'ಪಾರ್ಟ್‌ನರ್' ಎನ್ನುತ್ತವೆ. ಕನ್ನಡದಲ್ಲಿ ಪಾಲುದಾರ ಎಂದರೆ ಲಾಭದಲ್ಲಿ ಪಾಲು ಉಳ್ಳವನು, ಲೆಕ್ಕ ನೋಡುವ ಹಕ್ಕುಳ್ಳವನು. ಇಲ್ಲಿ ಎರಡೂ ಇಲ್ಲ. ಇದು ಬರೀ ಶಬ್ದದ ತಕರಾರಲ್ಲ. ಕಾಫಿ ತೋಟದ ಕೂಲಿಯವರಿಗೆ 1948ರ ಕನಿಷ್ಠ ವೇತನ ಕಾಯ್ದೆ ಅನ್ವಯವಾಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಚಿಕಿತ್ಸೆ, ಶಿಶುವಿಹಾರಗಳ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಎಷ್ಟರಮಟ್ಟಿಗೆ ಜಾರಿಯಾಯಿತು ಎಂಬುದು ಬೇರೆ ಮಾತು, ಆದರೆ ಕೇಳುವುದಕ್ಕೊಬ್ಬ ಮಾಲೀಕನಿದ್ದ. ಕೂಲಿಯವನನ್ನು ಪಾಲುದಾರ ಎಂದು ಕರೆದೊಡನೆ ಆ ಮಾಲೀಕ ಮಾಯವಾಗುತ್ತಾನೆ. 2020–21ರಲ್ಲೇ ದೇಶದಲ್ಲಿ ಇಂಥ 77 ಲಕ್ಷ ಕಾರ್ಮಿಕರಿದ್ದರು ಎಂಬುದು ನೀತಿ ಆಯೋಗದ ಅಂದಾಜು. ಅಷ್ಟು ಜನರ ಬದುಕು ಒಂದು ಶಬ್ದದ ಅರ್ಥಕ್ಕೆ ತಗಲಿಕೊಂಡಿದೆ.

ಹಾಗಾಗಿ ನಮ್ಮ ರಾಜ್ಯದ ಹೊಸ ಕಾನೂನನ್ನು ನಾನು ಒಂದು ಪಠ್ಯವಾಗಿಯೇ ಓದಲು ಕೂತೆ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಈ ಕಾನೂನು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ವರ್ಷ ಕಾಯ್ದೆಯಾಯಿತು. ಇಂಥ ಕಾಯ್ದೆಯನ್ನು ಮೊದಲು ತಂದದ್ದು ರಾಜಸ್ಥಾನ, 2023ರಲ್ಲಿ. ನಮ್ಮ ಕಾಯ್ದೆಯ ಬಗ್ಗೆ ಹೆಚ್ಚು ಚರ್ಚೆಯಾದದ್ದು ಕಲ್ಯಾಣ ಶುಲ್ಕದ ಕುರಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಒಳ್ಳೆಯದೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ ಕಲಮುಗಳು. ಕರಾರು ಸರಳ ಭಾಷೆಯಲ್ಲಿರಬೇಕು. ಷರತ್ತು ಬದಲಿಸುವ ಮೊದಲು 14 ದಿನಗಳ ನೋಟಿಸು ಕೊಡಬೇಕು. ಹಣ ಹಿಡಿದುಕೊಂಡರೆ ಕಾರಣ ಹೇಳಬೇಕು. ಸಂಪಾದನೆಯನ್ನೂ ರೇಟಿಂಗನ್ನೂ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕ ಮಾಹಿತಿ ಕೇಳಬಹುದು. ಲೆಕ್ಕದ ಪುಸ್ತಕವನ್ನು ಕೊಂಚವಾದರೂ ಕೂಲಿಯವನ ಕಡೆಗೆ ತಿರುಗಿಸುವ ಮಾತುಗಳಿವು.

ಆದರೆ ಈ ಪಠ್ಯದಲ್ಲೂ ಒಂದು ಮೌನವಿದೆ. ಒಂದು ಸವಾರಿಗೆ, ಒಂದು ತಾಸಿಗೆ ಕನಿಷ್ಠ ಎಷ್ಟು ಕೊಡಬೇಕೆಂದು ಅದು ಹೇಳುವುದಿಲ್ಲ. ದರ ಯಾಕೆ ಇಳಿಯಿತೆಂದು ಕೇಳಬಹುದು, ಇಷ್ಟಕ್ಕಿಂತ ಇಳಿಯಬಾರದೆಂದು ಹೇಳುವಂತಿಲ್ಲ. ಆರ್ಡರಿಗಾಗಿ ಹೋಟೆಲಿನ ಮುಂದೆ ಮಳೆಯಲ್ಲಿ ಕಾದ ಹೊತ್ತು ದುಡಿಮೆಯೋ ಅಲ್ಲವೋ ಎಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ. ಕಲ್ಯಾಣ ಬೇಕು, ನಿಜ. ಆದರೆ ಅದು ಕೂಲಿಯ ಬದಲಿಗೆ ಬರುವಂಥದ್ದಲ್ಲ.

ಹಬ್ಬ ಮುಗಿದ ಮೇಲೆ ಹುಡುಗ ಹೊರಟ. ಬಸ್ಸಿಗೆ ಕಾಯುವಾಗ, ನಿನ್ನ ಕರಾರನ್ನು ಓದಿದ್ದೀಯಾ ಎಂದು ಕೇಳಿದೆ. ಒಪ್ಪಿಗೆ ಎಂಬಲ್ಲಿ ಒತ್ತಿದ್ದಷ್ಟೇ ಅವನಿಗೆ ನೆನಪು. ಕನ್ನಡದಲ್ಲಿ ಕೊಡಿ ಎಂದು ಕೇಳು, ಅದು ಈಗ ನಿನ್ನ ಹಕ್ಕು ಎಂದೆ. ಕೇಳಿದರೆ ಮರುದಿನ ಆರ್ಡರು ಕಡಿಮೆಯಾದೀತೇ ಎಂಬುದು ಅವನ ಅನುಮಾನ. ಆಗಲಾರದು ಎಂದು ಧೈರ್ಯ ಹೇಳಲು ನನ್ನಿಂದಾಗಲಿಲ್ಲ. ಚೋಮನಿಗೆ ತನ್ನ ಸಂಕಟ ಹೇಳಿಕೊಳ್ಳಲು ಮನೆಯಲ್ಲೊಂದು ದುಡಿಯಿತ್ತು. ಈ ಹುಡುಗನ ಕೈಯಲ್ಲಿರುವುದು ಅದೇ ಮೊಬೈಲು. ಅವನಿಗೆ ಕೆಲಸ ಬರುವುದೂ ಅದರಲ್ಲೇ, ಅವನ ಮೇಲೆ ಕಣ್ಣಿಡುವುದೂ ಅದೇ.