ಗೇಟಿನಾಚೆಯ ಪೈಪು ಯಾರದು?

ಕುವೈತಿನ ಸಾಲ್ಮಿಯಾದಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಸಂಜೆ ಬಚ್ಚಲ ನೀರು ಹಿಂದಕ್ಕೆ ಉಕ್ಕಿತು. ಕೆಳಗಿಳಿದು ಹಾರಿಸ್‌ಗೆ, ಅಂದರೆ ಕಟ್ಟಡ ನೋಡಿಕೊಳ್ಳುವವನಿಗೆ, ಹೇಳಿದೆ. ಆತ ಉದ್ದನೆಯ ತಂತಿ ಹಿಡಿದು ಬಂದು ಚೇಂಬರಿನ ಮುಚ್ಚಳ ತೆಗೆದ. ಒಂದು ಗಂಟೆಯಲ್ಲಿ ನೀರು ಇಳಿಯಿತು. ನನಗೆ ಒಂದು ಫಿಲ್ಸೂ ಖರ್ಚಾಗಲಿಲ್ಲ. ಅದೇ ತಿಂಗಳು ಬೆಂಗಳೂರಿನಿಂದ ಅಣ್ಣ ಫೋನ್ ಮಾಡಿದ. ನಾವು ಕಟ್ಟಿಸಿದ ಮನೆಯ ಒಳಚರಂಡಿ ಪೈಪು ಗೇಟಿನ ಹೊರಗೆ ಕುಸಿದಿದೆ, ರಸ್ತೆ ಅಗೆಸಬೇಕು, ದುಡ್ಡು ಕಳಿಸು ಎಂದ. ಕೆಟ್ಟದ್ದು ಎರಡು ಕಡೆಯೂ ಪೈಪೇ. ಹೊಣೆ ಮಾತ್ರ ಬೇರೆ ಬೇರೆ. ಹೊರದೇಶಗಳಲ್ಲಿ ಮಾರುವ 'ಪೈಪ್ ವಾರಂಟಿ'ಯ ಬೆಲೆ ಏನೆಂದು ನಾನು ಯೋಚಿಸತೊಡಗಿದ್ದು ಆಗ.

ಅಮೆರಿಕದ ಹೆಚ್ಚಿನ ಊರುಗಳಲ್ಲಿ ರಸ್ತೆಯಡಿಯ ಮುಖ್ಯ ಕೊಳವೆ ಊರಿನದು, ಅಲ್ಲಿಂದ ಮನೆಗೆ ಬರುವ ಕವಲು ಮನೆಯವರದು. ಹಳತಾಗಿ ತುಕ್ಕು ಹಿಡಿದ ಕವಲಿಗೆ ಸಾಮಾನ್ಯ ಗೃಹವಿಮೆ ಹಣ ಕೊಡುವುದಿಲ್ಲ. ವಾರಂಟಿ ಕಂಪನಿಗಳು ನಿಂತಿರುವುದು ಈ ಸಂದಿಯಲ್ಲಿ. ತಿಂಗಳಿಗಿಷ್ಟು ಕಟ್ಟಿದರೆ, ಪೈಪು ಒಡೆದಾಗ ಒಂದು ಮಿತಿಯವರೆಗೆ ಅವರೇ ರಿಪೇರಿ ಮಾಡಿಸುತ್ತಾರೆ. ಬ್ರಿಟನ್ನಿನಲ್ಲಿ ಇಂಥದೇ ವ್ಯಾಪಾರದ ಹೋಮ್‌ಸರ್ವ್ 1993ರಲ್ಲಿ ಸೌತ್ ಸ್ಟಾಫರ್ಡ್‌ಶೈರ್ ನೀರು ಕಂಪನಿಯ ಪಾಲುದಾರಿಕೆಯಲ್ಲಿ ಹುಟ್ಟಿತು.

ಇದರ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. ನೆಲದಡಿಯ ಪೈಪು ಮುನ್ಸೂಚನೆ ಕೊಟ್ಟು ಕೆಡುವುದಿಲ್ಲ. ಕೂಡಿಟ್ಟ ಹಣವಿಲ್ಲದ ಮನೆಗೆ, ಒಂಟಿಯಾಗಿರುವ ವೃದ್ಧರಿಗೆ, ಒಂದು ಫೋನಿಗೆ ಪ್ಲಂಬರ್ ಬರುತ್ತಾನೆ ಎನ್ನುವುದು ನಿಜವಾದ ಆಸರೆ. ದೋಷವಿರುವುದು ಮಾರುವ ಬಗೆಯಲ್ಲಿ. ಊರಿನ ಹೆಸರು ಹೊತ್ತು ಬರುವ ಪತ್ರ, ಕಟ್ಟಲೇಬೇಕಾದ ಬಿಲ್ಲಿನಂತೆ ಕಾಣುತ್ತದೆ. ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬುದು ಸಣ್ಣ ಅಕ್ಷರದಲ್ಲಿ ಉಳಿದುಬಿಡುತ್ತದೆ. ತಪ್ಪು ರೀತಿಯಲ್ಲಿ ಪಾಲಿಸಿ ಮಾರಿದ್ದಕ್ಕೆ ಮತ್ತು ದೂರುಗಳನ್ನು ಸರಿಯಾಗಿ ನೋಡದ್ದಕ್ಕೆ 2014ರಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಕರು ಹೋಮ್‌ಸರ್ವ್‌ಗೆ 3 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದರು.

ಅದಕ್ಕಿಂತ ದೊಡ್ಡ ಪಾಠ ಅದೇ ದೇಶದಲ್ಲಿ 2011ರ ಅಕ್ಟೋಬರ್ 1ರಂದು ಸಿಕ್ಕಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಲವು ಮನೆಗಳು ಹಂಚಿಕೊಂಡ ಖಾಸಗಿ ಚರಂಡಿಗಳನ್ನೂ, ಮನೆಯ ಗಡಿ ದಾಟಿದ ಕವಲುಗಳನ್ನೂ ಕಾನೂನೇ ನೀರು ಮತ್ತು ಚರಂಡಿ ಕಂಪನಿಗಳ ಹೆಗಲಿಗೆ ದಾಟಿಸಿತು. ಒಬ್ಬನ ಮೇಲೆ ಬೀಳುತ್ತಿದ್ದ ಹೊರೆ ಎಲ್ಲರ ಬಿಲ್ಲಿನಲ್ಲಿ ಹರಡಿಕೊಂಡಿತು. ಅಷ್ಟರಮಟ್ಟಿಗೆ ವಾರಂಟಿಯ ಅಗತ್ಯವೇ ಇಲ್ಲದಾಯಿತು.

ಕುವೈತಿನ ಕಥೆ ಬೇರೆ. ಒಂದು ಕಾಲಕ್ಕೆ ಇಲ್ಲಿಗೆ ಕುಡಿಯುವ ನೀರು ಶತ್-ಅಲ್-ಅರಬ್ ನದಿಯಿಂದ ದೋಣಿಯಲ್ಲಿ ಬರುತ್ತಿತ್ತು. 1953ರಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ಶುರುವಾದ ಮೇಲೆ ನೀರು ಸರ್ಕಾರದ ಹೊಣೆಯಾಗಿ ಬೆಳೆಯಿತು. ಇಂದಿಗೂ ಅದು ಸರ್ಕಾರದ ದೊಡ್ಡ ಸಹಾಯಧನದಲ್ಲಿ ನಲ್ಲಿಗೆ ಬರುತ್ತದೆ. ಬಳಸಿದ ನೀರಿಗೆ ಸುಲೈಬಿಯಾದಲ್ಲಿ ಜಗತ್ತಿನ ಅತಿದೊಡ್ಡ ಶುದ್ಧೀಕರಣ ಘಟಕಗಳಲ್ಲೊಂದಿದೆ. ಈ ಎರಡರ ನಡುವೆ, ಕಟ್ಟಡದೊಳಗಿನ ಪೈಪು ಮಾಲೀಕನದು. ವಿದೇಶಿಯರು ಆಸ್ತಿ ಕೊಳ್ಳುವುದಕ್ಕೆ 1979ರ ಕಾನೂನಿನ ಬಿಗಿ ನಿರ್ಬಂಧವಿರುವುದರಿಂದ ಅಬ್ಬಾಸಿಯಾ, ಮಂಗಾಫ್, ಸಾಲ್ಮಿಯಾಗಳ ಕನ್ನಡ ಕುಟುಂಬಗಳು ಬಾಡಿಗೆದಾರರೇ. ಅವರ ಪಾಲಿಗೆ ವಾರಂಟಿ ಬಾಡಿಗೆಯೊಳಗೇ ಸೇರಿದೆ.

ಆದರೆ ಅದು ಕಾಗದದಲ್ಲಿಲ್ಲ, ಹಾರಿಸ್‌ನ ಕೈಯಲ್ಲಿದೆ. ಆತನೂ ನಮ್ಮಂತೆ ದೂರದಿಂದ ದುಡಿಯಲು ಬಂದವನು. ಕಟ್ಟಿಕೊಂಡ ಕಸ ತೆಗೆಯಬಲ್ಲ, ಹಳೆಯ ಪೈಪು ಬದಲಿಸುವ ತೀರ್ಮಾನ ಅವನದಲ್ಲ. ಮಾಲೀಕ ಮನಸ್ಸು ಮಾಡದಿದ್ದರೆ ಅದೇ ಜಾಗ ಮತ್ತೆ ಮತ್ತೆ ಉಕ್ಕುತ್ತದೆ. ಉದ್ಯೋಗ, ಇಕಾಮಾ ಎಂಬ ವಾಸದ ಪರವಾನಗಿ, ಮಕ್ಕಳ ಶಾಲೆಯ ಚಿಂತೆಯಲ್ಲಿರುವವರು ದೂರು ಕೊಡಲು ಹಿಂಜರಿಯುತ್ತಾರೆ. ಕಾನೂನಿನ ಮೊರೆ ಹೋದರೂ, ಕುವೈತ್ ಸಿವಿಲ್ ಸಂಹಿತೆ ಕಟ್ಟಡ ಕಟ್ಟಿದ ಗುತ್ತಿಗೆದಾರನ ಮೇಲೆ ಹೊರಿಸುವ 10 ವರ್ಷದ ಹೊಣೆ ಕುಸಿತಕ್ಕೆ, ಕಟ್ಟಡದ ಭದ್ರತೆಗೆ ಕುತ್ತು ತರುವ ದೋಷಕ್ಕೆ. ಸೋರುವ ಪೈಪಿಗೆ ಅದರ ಆಸರೆ ಸಾಮಾನ್ಯವಾಗಿ ಸಿಗದು.

ನಮ್ಮೂರಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಿಸುವ 2016ರ ರೇರಾ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ. ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆ, ಕೆಲಸ ಅಥವಾ ಸೇವೆಗಳಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನಗಳಲ್ಲಿ ಹಣ ಪಡೆಯದೆ ಸರಿಪಡಿಸಬೇಕು. ಕುವೈತಿನಲ್ಲಿ ದುಡಿದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಫ್ಲ್ಯಾಟ್ ಕೊಳ್ಳುವವರು ಈ ಅವಧಿ ಮುಗಿಯುವ ಮೊದಲೇ ಪೈಪುಗಳನ್ನು ಪರೀಕ್ಷಿಸಿಕೊಳ್ಳಬೇಕು. ಸ್ವಂತ ಸೈಟಿನಲ್ಲಿ ಮೇಸ್ತ್ರಿ ಇಟ್ಟು ಕಟ್ಟಿಸಿದ ನನ್ನಂಥವರಿಗೆ ಆ ರಕ್ಷಣೆಯೂ ಇಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ವಾರಂಟಿ ಕೆಟ್ಟ ಸರಕಲ್ಲ, ಆದರೆ ಅದು ಎರಡನೆಯ ಮದ್ದು. ಹೊಣೆಯ ಗಡಿಯನ್ನು ಕಾನೂನು ಸ್ಪಷ್ಟವಾಗಿ ಎಳೆಯುವುದು, ಗೇಟಿನಾಚೆಯದನ್ನು ಊರು ಹೊರುವುದು ಮೊದಲನೆಯದು. ಅದಾಗುವವರೆಗೆ ವಾರಂಟಿ ಕೊಳ್ಳುವವರು ಮೂರು ಪ್ರಶ್ನೆ ಕೇಳಲಿ. ನನ್ನ ಪೈಪು ಎಲ್ಲಿಂದ ಎಲ್ಲಿಯವರೆಗೆ? ಹಳತಾಗಿ ಕೆಟ್ಟರೆ, ಬೇರು ಹೊಕ್ಕರೆ ಹಣ ಸಿಗುತ್ತದೆಯೇ? ಅಗೆದ ರಸ್ತೆ ಮುಚ್ಚಿಸುವ ಖರ್ಚು ಯಾರದು?

ಅಣ್ಣನಿಗೆ ದುಡ್ಡು ಕಳಿಸುವಾಗ ಒಂದು ಮಾತು ಹೇಳಿದೆ. ಗುಂಡಿ ಮುಚ್ಚುವ ಮೊದಲು ಫೋಟೊ ತೆಗೆದು, ಪೈಪು ಎಷ್ಟು ಅಡಿ ಆಳದಲ್ಲಿದೆ, ಎಲ್ಲಿ ತಿರುಗಿದೆ ಎಂದು ಬರೆದಿಡು. ಅವನು ಒಂದು ಹಾಳೆಯಲ್ಲಿ ನಕ್ಷೆ ಬರೆದು ಮನೆಪತ್ರದ ಜೊತೆ ಇಟ್ಟಿದ್ದಾನೆ. ಇಷ್ಟು ವರ್ಷ ಆ ಕಟ್ಟಿನಲ್ಲಿ ಮನೆಯ ನಕ್ಷೆಯಿತ್ತು, ಪೈಪಿನದು ಇರಲಿಲ್ಲ.