ರಾಜ್ಯವೆಂದರೆ ಯಾವುದು? : 'ಸ್ಟೇಟ್' ಪದದ ಅನುವಾದವನ್ನು ಕುರಿತು

ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಸಮಾಜ ವಿಜ್ಞಾನದ ಪಾಠದಲ್ಲಿ 'ರಾಜ್ಯ' ಎಂದು ಓದಿದಾಗ ಕೇರಳವೆಂದು ತಿಳಿಯಬೇಕು. ಅದೇ ಸಂಜೆ ಮಲಯಾಳಂ ಪತ್ರಿಕೆಯಲ್ಲಿ 'ರಾಜ್ಯಂ' ಎಂದು ಕಂಡರೆ ಭಾರತ ದೇಶವೆಂದು ಗ್ರಹಿಸಬೇಕು. ಅಲ್ಲಿ ಕೇರಳವನ್ನು ಸೂಚಿಸುವ ಪದ 'ಸಂಸ್ಥಾನಂ'. ಕನ್ನಡದಲ್ಲಾದರೋ 'ಸಂಸ್ಥಾನ' ಎಂದೊಡನೆ ನೆನಪಿಗೆ ಬರುವುದು ಒಡೆಯರ ಮೈಸೂರು, ಇಲ್ಲವೇ ಗಡಿಯ ಇನ್ನೊಂದು ತುದಿಯ ಅಕ್ಕಲಕೋಟೆ, ಜತ್ತ. ಈ ಮೂರೂ ಪದಗಳ ಹಿಂದೆ ನಿಂತಿರುವುದು 'ಸ್ಟೇಟ್' ಎಂಬ ಒಂದೇ ಇಂಗ್ಲಿಷ್ ಪದ. ಅದನ್ನು ಕನ್ನಡಿಸುವಾಗ ನಾವು ಎಲ್ಲಿ ಎಚ್ಚರದಿಂದಿದ್ದೇವೆ, ಎಲ್ಲಿ ಎಚ್ಚರ ತಪ್ಪಿದ್ದೇವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲ್ಯಾಟಿನ್ನಿನ 'ಸ್ಟೇಟಸ್'ನಿಂದ ಹುಟ್ಟಿ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ ನಿಂತಿರುವ ಬಗೆ, ಅಂದರೆ ಸ್ಥಿತಿ. ಅಲ್ಲಿಂದ ಅಂತಸ್ತು, ವೈಭವ, ಆಳುವ ವ್ಯವಸ್ಥೆ, ದೇಶ, ಒಕ್ಕೂಟದ ಘಟಕ ಎಂಬ ಅರ್ಥಗಳು ಒಂದರ ಮೇಲೊಂದು ಬೆಳೆದವು. ಕ್ರಿಯಾಪದವಾದಾಗ ಅದು ಸ್ಪಷ್ಟವಾಗಿ ಹೇಳುವುದನ್ನು ಸೂಚಿಸುತ್ತದೆ. ಈ ಹರಹನ್ನು ಕನ್ನಡವು ಬಹುಪಾಲು ಚೆನ್ನಾಗಿಯೇ ನಿಭಾಯಿಸಿದೆ. ಭೌತವಿಜ್ಞಾನದಲ್ಲಿ 'ಘನ ಸ್ಥಿತಿ', ಮನೋವಿಜ್ಞಾನದಲ್ಲಿ 'ಮನಸ್ಥಿತಿ', ರಾಜಕೀಯದಲ್ಲಿ 'ತುರ್ತು ಪರಿಸ್ಥಿತಿ', ನ್ಯಾಯಾಲಯದಲ್ಲಿ 'ಹೇಳಿಕೆ'. ಗಣ್ಯರ ಅಂತ್ಯಕ್ರಿಯೆ ನಡೆಯುವುದು 'ಸಕಲ ಸರ್ಕಾರಿ ಗೌರವ'ಗಳೊಂದಿಗೆ. ಅಲ್ಲಿ 'ರಾಜ್ಯ'ವೆಂದು ಬರೆಯದೆ ನಮ್ಮ ಪತ್ರಕರ್ತರು ವಿವೇಕ ತೋರಿದ್ದಾರೆ. 1955ರಲ್ಲಿ ರೂಪುಗೊಂಡ ಬ್ಯಾಂಕಿನ ಹೆಸರಿನಲ್ಲಿರುವ 'ಸ್ಟೇಟ್' ಯಾವ ಪ್ರಾಂತಕ್ಕೂ ಸೇರಿದ್ದಲ್ಲವಾದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡದ್ದೂ ಸರಿಯೇ.

ತೊಡಕು ಹುಟ್ಟುವುದು ಸಂವಿಧಾನದ ಬಳಿ. ಅಲ್ಲಿ 'ಸ್ಟೇಟ್' ಎರಡು ಭಿನ್ನ ಪರಿಕಲ್ಪನೆಗಳನ್ನು ಹೊರುತ್ತದೆ. ಮೊದಲನೆಯ ಅನುಚ್ಛೇದ ಭಾರತವನ್ನು ರಾಜ್ಯಗಳ ಒಕ್ಕೂಟವೆನ್ನುವಾಗ ಅದು ಘಟಕ. ಹನ್ನೆರಡನೆಯ ಅನುಚ್ಛೇದದಲ್ಲಿ, ಮೂಲಭೂತ ಹಕ್ಕುಗಳ ಭಾಗದ ಮಟ್ಟಿಗೆ, ಅದು ಕೇಂದ್ರ ಸರ್ಕಾರ, ಸಂಸತ್ತು, ಪ್ರತಿ ರಾಜ್ಯದ ಸರ್ಕಾರ ಮತ್ತು ಶಾಸಕಾಂಗ, ಸ್ಥಳೀಯ ಹಾಗೂ ಇತರ ಪ್ರಾಧಿಕಾರಗಳೆಲ್ಲವನ್ನೂ ಒಳಗೊಂಡ ಅಧಿಕಾರ ವ್ಯವಸ್ಥೆ. ಎರಡೂ ಕಡೆ ದೊಡ್ಡಕ್ಷರವೇ ಇದ್ದರೂ ಇಂಗ್ಲಿಷ್ ಓದುಗನಿಗೆ 'ದಿ' ಎಂಬ ಉಪಪದ ಹೆಚ್ಚಾಗಿ ದಾರಿ ತೋರಿಸುತ್ತದೆ. ಕನ್ನಡಕ್ಕೆ ಆ ಉಪಪದವೂ ಇಲ್ಲ, ದೊಡ್ಡಕ್ಷರವೂ ಇಲ್ಲ. ಸಂವಿಧಾನದ ಕನ್ನಡ ಪಾಠದಲ್ಲೂ ಪಠ್ಯಪುಸ್ತಕಗಳಲ್ಲೂ ಎರಡಕ್ಕೂ 'ರಾಜ್ಯ'ವೇ ರೂಢಿ. ಹೀಗಾಗಿ 'ರಾಜ್ಯ ನೀತಿಯ ನಿರ್ದೇಶಕ ತತ್ವಗಳು' ಎಂಬುದನ್ನು ರಾಜ್ಯ ಸರ್ಕಾರಗಳಿಗೆ ಮಾತ್ರ ಹೇಳಿದ ಬುದ್ಧಿಮಾತೆಂದು ವಿದ್ಯಾರ್ಥಿಗಳು ಭಾವಿಸಿದರೆ ತಪ್ಪು ಅವರದಲ್ಲ.

ಬೆಂಗಳೂರಿನ ಓದುಗನಿಗೆ ಇದು ಪರಿಭಾಷೆಯ ಸಣ್ಣ ತೊಡಕಾಗಿ ತೋರಬಹುದು. ಭಾಷಾ ಅಲ್ಪಸಂಖ್ಯಾತನಿಗೆ ಅದು ಹಕ್ಕಿನ ಪ್ರಶ್ನೆ. ಮೂವತ್ತನೆಯ ಅನುಚ್ಛೇದದ ಎರಡನೆಯ ಖಂಡವು, ಅಲ್ಪಸಂಖ್ಯಾತರ ಆಡಳಿತದಲ್ಲಿದೆಯೆಂಬ ಕಾರಣಕ್ಕೆ ಶಿಕ್ಷಣ ಸಂಸ್ಥೆಗಳಿಗೆ ನೆರವು ನೀಡುವುದರಲ್ಲಿ ಭೇದ ಮಾಡಕೂಡದೆಂದು ನಿರ್ಬಂಧಿಸುವುದು ವಿಶಾಲಾರ್ಥದ 'ಸ್ಟೇಟ್' ಅನ್ನು. ಅದನ್ನು 'ರಾಜ್ಯ' ಎಂದಷ್ಟೇ ಓದಿಕೊಂಡವನು ತಿರುವನಂತಪುರ, ಚೆನ್ನೈ, ಮುಂಬಯಿಗಳತ್ತ ಮಾತ್ರ ನೋಡುತ್ತಾನೆ. ಕೇಂದ್ರ ಸರ್ಕಾರವೂ ತನ್ನೂರಿನ ಪಂಚಾಯತಿಯೂ ಅದೇ ಕಟ್ಟಿಗೆ ಒಳಪಟ್ಟಿವೆ ಎಂಬುದು ಅವನ ಗಮನಕ್ಕೆ ಬರುವುದಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದದ ಮಾತು ಬೇರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸುವ ಹೊಣೆಯನ್ನು ಅದು ಪ್ರತಿಯೊಂದು ರಾಜ್ಯಕ್ಕೂ ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರಕ್ಕೂ ವಹಿಸುತ್ತದೆ. ಸ್ಥಳೀಯ ಪ್ರಾಧಿಕಾರವನ್ನು ಇಲ್ಲಿ ಪ್ರತ್ಯೇಕವಾಗಿ ಹೆಸರಿಸಬೇಕಾಯಿತು. ಏಕೆಂದರೆ ಇಲ್ಲಿಯ 'ಸ್ಟೇಟ್' ಘಟಕವಷ್ಟೇ. ಎರಡು ಅನುಚ್ಛೇದಗಳ ಈ ಅಂತರವನ್ನು ಕನ್ನಡದ ಒಂದೇ ಪದ ಅಳಿಸಿಹಾಕುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಯಾರು ಅಲ್ಪಸಂಖ್ಯಾತರೆಂಬುದನ್ನು ನಿರ್ಧರಿಸುವ ಅಳತೆಗೋಲು ರಾಜ್ಯವೇ ಎಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ರಾಯದುರ್ಗಗಳು 1953ರಲ್ಲಿ ಆಂಧ್ರಕ್ಕೆ ಹೋದವು. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಜನ ಇದ್ದಲ್ಲೇ ಇದ್ದರು. ಅವರ ಭಾಷೆಯ ಸ್ಥಿತಿಯನ್ನು ರಾಜ್ಯದ ಗೆರೆ ಬದಲಿಸಿತು. ಇಂಗ್ಲಿಷಿನಲ್ಲಿ ಒಂದೇ ಪದದೊಳಗಿರುವ ಈ ನಂಟು ಕನ್ನಡದ 'ಸ್ಥಿತಿ', 'ರಾಜ್ಯ'ಗಳಲ್ಲಿ ಕಾಣುವುದಿಲ್ಲ. ಕುತೂಹಲದ ಸಂಗತಿಯೆಂದರೆ, ಲ್ಯಾಟಿನ್ ಪದದ ಧಾತುವಿಗೆ ಸಂಸ್ಕೃತದ 'ಸ್ಥಾ' ಧಾತು ಸೋದರ ಸಂಬಂಧಿ. ವ್ಯುತ್ಪತ್ತಿಯ ದೃಷ್ಟಿಯಿಂದ ಮಲಯಾಳದ 'ಸಂಸ್ಥಾನ'ವೇ ಮೂಲಕ್ಕೆ ಹತ್ತಿರ. ನಮ್ಮ 'ರಾಜ್ಯ'ದೊಳಗೆ ರಾಜನಿದ್ದಾನೆ. ಗಣರಾಜ್ಯದಲ್ಲೂ ಅವನನ್ನು ನಾವು ಬಿಟ್ಟುಕೊಟ್ಟಿಲ್ಲ.

ಹಾಗಾದರೆ ಪರ್ಯಾಯವೇನು? ರಾಜ್ಯಶಾಸ್ತ್ರದ ಬರವಣಿಗೆಯಲ್ಲಿ ವಿಶಾಲಾರ್ಥಕ್ಕೆ 'ಪ್ರಭುತ್ವ' ಎಂಬ ಪದ ಚೆನ್ನಾಗಿ ಬೇರೂರಿದೆ. ಅದನ್ನೇ ಹನ್ನೆರಡನೆಯ ಅನುಚ್ಛೇದದ ಅರ್ಥಕ್ಕೂ ಬಳಸಿ, 'ರಾಜ್ಯ'ವನ್ನು ಘಟಕಕ್ಕೆ ಮೀಸಲಿಡಬಹುದು. ಆದರೆ ಈ ಸಲಹೆಗೂ ಗಡಿಯಲ್ಲಿ ಒಂದು ಆಕ್ಷೇಪ ಕಾದಿದೆ. ತೆಲುಗಿನಲ್ಲಿ 'ಪ್ರಭುತ್ವಂ' ಎಂದರೆ ಸರ್ಕಾರ. ಒಕ್ಕೂಟದ ಘಟಕ 'ರಾಷ್ಟ್ರಂ'. ರಾಜ್ಯಶಾಸ್ತ್ರದ ವಿಶಾಲಾರ್ಥಕ್ಕೆ ಅಲ್ಲಿ ಬಳಕೆಯಾಗುವುದು 'ರಾಜ್ಯಂ'. ಮಡಕಶಿರದ ಕನ್ನಡಿಗನ ಕಿವಿಗೆ ನಮ್ಮ ಜೋಡಿ ತಲೆಕೆಳಗಾಗಿ ಕೇಳಿಸೀತು. ಚುನಾವಣೆಯಲ್ಲಿ ಬದಲಾಗುವ ಸರ್ಕಾರವೂ ಬದಲಾಗದೆ ಉಳಿಯುವ ಪ್ರಭುತ್ವವೂ ಒಂದೇ ಎಂದು ಅವನು ತಿಳಿಯುವ ಅಪಾಯವಿದೆ. ತಾಳವಾಡಿಯ ಓದುಗನಿಗೆ ತಮಿಳಿನ 'ಅರಸು' ಸರ್ಕಾರವಾದರೆ ಕನ್ನಡದ 'ಅರಸು' ದೊರೆ. ಸೊಲ್ಲಾಪುರದವನಿಗೆ ಮರಾಠಿಯ 'ಶಾಸನ' ಸರ್ಕಾರವಾದರೆ ಕನ್ನಡದ 'ಶಾಸನ' ಕಲ್ಲಿನ ಬರಹ ಅಥವಾ ಕಾನೂನು.

ಆದ್ದರಿಂದ ಒಂದು ಪದಕ್ಕೆ ಒಂದು ಪದವನ್ನು ಹುಡುಕಿಕೊಟ್ಟು ಕೈತೊಳೆದುಕೊಳ್ಳುವ ನಿಘಂಟಿನ ಕ್ರಮ ಇಲ್ಲಿ ಸಾಲದು. ಮನವಿ, ಪಠ್ಯ, ಕರಪತ್ರ ಯಾವುದೇ ಇರಲಿ, 'ಪ್ರಭುತ್ವ' ಮೊದಲ ಬಾರಿ ಬಂದಾಗ ಅದರಲ್ಲಿ ಯಾರ್ಯಾರು ಸೇರಿದ್ದಾರೆಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಘಟಕವನ್ನು ಹೇಳುವಾಗ ಸಾಧ್ಯವಾದೆಡೆಯಲ್ಲೆಲ್ಲ ಕೇರಳ, ಆಂಧ್ರ, ಮಹಾರಾಷ್ಟ್ರ ಎಂದು ಹೆಸರನ್ನೇ ಬರೆಯಬೇಕು. ಒಳನಾಡಿನ ಪರಿಭಾಷೆಯನ್ನು ಸಿದ್ಧಪಡಿಸುವವರು ಅದನ್ನು ಗಡಿಯ ಓದುಗರ ಮುಂದಿಟ್ಟು ಪರೀಕ್ಷಿಸುವುದು ಇನ್ನೂ ಒಳ್ಳೆಯದು. ದಿನವೂ ಎರಡು ಭಾಷೆಗಳ ನಡುವೆ ಓಡಾಡುವ ಈ ಓದುಗರಿಗೆ ಪದವೊಂದು ಎಲ್ಲಿ ಜಾರುತ್ತದೆಂಬುದು ಬೇರೆಯವರಿಗಿಂತ ಮೊದಲೇ ತಿಳಿಯುತ್ತದೆ. ಶಾಲೆಯ ಉಳಿವಿಗಾಗಿ ಮನವಿ ಬರೆಯುವವರಲ್ಲಿ ಅವರೇ ಮೊದಲಿಗರು. ತಾವು ಯಾರನ್ನು ಕೇಳುತ್ತಿದ್ದೇವೆಂಬುದು ಅವರಿಗೆ ತಮ್ಮ ಭಾಷೆಯಲ್ಲೇ ನಿಚ್ಚಳವಾಗಿರಬೇಕು.